ಬಾಡಿದ ಮುಖಕ್ಕೆ ಎಷ್ಟು ಬಟ್ಟೆ?

ಪರದೆ ಅಂಗಡಿಯ ಮೊಳದಕ್ಕನ ಕೊರಳಲ್ಲಿ ಟೇಪು ಸದಾ ತೂಗುತ್ತಿತ್ತು. ಆದರೂ ಅವಳು ಮೊದಲು ಅಳೆಯುತ್ತಿದ್ದುದು ಗಿರಾಕಿಯ ಮುಖವನ್ನು. ಮುಖ ಸ್ವಲ್ಪ ಬಾಡಿದ್ದರೆ ಕೇಳಿದಷ್ಟು ಬಟ್ಟೆ. ತಲೆಯ ಮೇಲೆ ಕೈ ಹೊತ್ತವರಿಗೆ ಒಂದೇ ಕಿಟಕಿಗಾಗುವಷ್ಟು. ಆಕಾಶವೇ ಕಳಚಿ ಬಿದ್ದಂತೆ ಬಂದವರಿಗೆ ಕುರ್ಚಿ, ಒಂದು ಲೋಟ ನೀರು, ಕತ್ತರಿ ಡ್ರಾಯರಿನೊಳಗೆ. ಮನಸ್ಸು ಮುದುಡಿದಾಗ ಆರಿಸಿದ ಬಣ್ಣ ಹದಿನೈದು ದಿನ ಬಾಳುವುದಿಲ್ಲ, ಕತ್ತರಿಸಿದ ಬಟ್ಟೆ ಜಗಳವನ್ನೂ ಕರೆದುಕೊಂಡು ವಾಪಸು ಬರುತ್ತದೆ ಎಂಬುದು ಅವಳ ಇಪ್ಪತ್ತು ವರ್ಷದ ಅನುಭವ.

ಅಂಗಡಿಯ ಸಾಹುಕಾರನಿಗೆ ಇದು ನುಂಗಲಾರದ ತುತ್ತು. "ಅಕ್ಕಾ, ಇನ್ನೊಂದು ವ್ಯಾಪಾರ ಕೆಡಿಸಿದ್ರೆ ಗಿರಾಕಿ ಹಿಂದೇನೇ ನೀವೂ ಹೊರಟ್ಬಿಡಿ" ಎಂದು ಸೋಮವಾರ ಹೇಳಿದ್ದ.

ಮಂಗಳವಾರ ಬಂದವನು, ತನಗೇ ಹೊಸ ಮನೆ ಕಟ್ಟಿಸಿಕೊಂಡ ಕಂಟ್ರಾಕ್ಟರು. ಹರಳೆಣ್ಣೆ ಕುಡಿದ ಮುಖ. ಐದು ವರ್ಷದಿಂದ ಯಾರೂ ಮೂಸಿ ನೋಡದ ಬೂದಿ ಬಣ್ಣದ ಬಟ್ಟೆಯ ಥಾನನ್ನು ತೋರಿಸಿ, "ಹನ್ನೆರಡು ಕಿಟಕಿಗೂ ಇದೇ" ಎಂದ. ಸಾಹುಕಾರನ ಕಣ್ಣು ಅರಳಿತು.

"ಮನೆಯವ್ರನ್ನ ಕೇಳಿದ್ರಾ ಸಾರ್?" ಎಂದಳು ಮೊಳದಕ್ಕ.

"ಅವ್ಳಿದ್ರೆ ತಾನೇ ಕೇಳೋದು? ಅಮ್ಮನ ಮನೆಗೆ ಹೋಗಿ ಕೂತಿದಾಳೆ."

"ಜಗಳ ಯಾಕೆ?"

"ಪರದೆಗೇ! ಹಳದಿ ಬೇಕಂತೆ." ತಲೆಯ ಮೇಲೆ ಕೈ ಹೊತ್ತು ಕುಳಿತೇಬಿಟ್ಟ.

ಮೊಳದಕ್ಕ ಒಂದು ಕಿಟಕಿಯ ಅಳತೆ ಕತ್ತರಿಸಿ ಮಡಿಚಿದಳು. "ಇದನ್ನ ಹಾಕಿ ನೋಡಿ. ಒಪ್ಪಿದ್ರೆ ಉಳಿದದ್ದು ನಾನೇ ತಂದು ಕಟ್ತೀನಿ."

ಅವನು ಮೆಟ್ಟಿಲಿಳಿದನೋ ಇಲ್ಲವೋ, ಸಾಹುಕಾರ ಸಿಡಿದ. "ಸಾಕು ತಾಯಿ! ನಾಳೆಯಿಂದ ಬರ್ಬೇಡಿ."

"ಆಯ್ತು. ಈ ಥಾನು ಯಾವಾಗ ತಂದ್ರಿ, ಅದನ್ನ ಹೇಳಿ."

ಸಾಹುಕಾರ ಎದುರಿನ ದೊಡ್ಡ ಅಂಗಡಿಯತ್ತ ನೋಡಿದ. ಐದು ವರ್ಷದ ಹಿಂದೆ ಅದು ಬಾಗಿಲು ತೆರೆದ ವಾರ ಕೈಚೆಲ್ಲಿ ಕೂತವನು, ಎದ್ದು ಹೋಗಿ ತಂದ ಸರಕಿದು.

"ಅವತ್ತು ನಿಮಗೆ ಮಾರಿದವ್ರು ನನ್ನಂಥವ್ರಾಗಿದ್ರೆ, ಒಂದು ಮೊಳ ಕೊಟ್ಟು ಕಳಿಸ್ತಿದ್ರು" ಎಂದು ಅವಳು ಚೀಲ ಎತ್ತಿಕೊಂಡಳು. ಬುಧವಾರ ಅವಳು ಎಂದಿನಂತೆ ಬಂದಳು. ಸಾಹುಕಾರ ಕಂಡೂ ಕಾಣದಂತಿದ್ದ.

ಶನಿವಾರ ಕಂಟ್ರಾಕ್ಟರ ಹೆಂಡತಿ ಮುಂದೆ, ಅವನು ಹಿಂದೆ.

"ಆ ಬೂದಿ ಪರದೆ ಹಾಕಿದ ರೂಮಲ್ಲಿ ಕತ್ತಲಿಗೆ ಇವ್ರ ಮುಖಾನೇ ಕಾಣಲ್ಲ, ಸದ್ಯ ಅದೊಂದು ಉಪಕಾರ ಆಯ್ತು" ಎಂದಳು ಆಕೆ. "ಹಳದಿ ಕೊಡಿ ಅಕ್ಕಾ, ಹನ್ನೊಂದು ಕಿಟಕಿಗೆ."

"ಹನ್ನೆರಡನೇದು?"

"ಅದು ಹಾಗೇ ಇರ್ಲಿ. ಮುಂದಿನ ಸಲ ಇವ್ರು ಮುನಿಸ್ಕೊಂಡ್ರೆ ಅಲ್ಲೇ ಕೂತ್ಕೊಳ್ಲಿ."

ಸಾಹುಕಾರ ತಾನೇ ಡ್ರಾಯರು ಎಳೆದು ಕತ್ತರಿ ತೆಗೆದು ಮೊಳದಕ್ಕನ ಕೈಗಿಟ್ಟ.