ದೀಪ ನೋಡಿದರೆ ಹೊರಡುವ ಕುರ್ಚಿ

ಮಾನ್ವಿಯ ನಮ್ಮ ಅಕ್ಕಿ ಮಿಲ್ಲಿನಲ್ಲಿ ಭತ್ತದ ಚೀಲಗಳ ಮೇಲಿಂದ ಬಿದ್ದು ಕುತ್ತಿಗೆ ಮುರಿದುಕೊಂಡ ಮೇಲೆ ನನಗೆ ಉಳಿದದ್ದು ಬಾಯಿ, ಕಣ್ಣು ಮತ್ತು ಸಿಟ್ಟು. ಕೈಕಾಲಿನ ಕೆಲಸವನ್ನು ಬಂಧುಬಳಗ ವಹಿಸಿಕೊಂಡಿತು. ಮನೆಗೆ ಬಂದವರೆಲ್ಲ ಗಾಲಿಕುರ್ಚಿ ಹಿಡಿದು ದೂಡುವವರೇ. ಬಿಸಿಲಿದ್ದರೆ ನೆರಳಿಗೆ, ನೆರಳಿದ್ದರೆ ಗಾಳಿಗೆ, ಗಾಳಿ ಬೀಸಿದರೆ ಮತ್ತೆ ಒಳಕ್ಕೆ. ನಿನಗೆಲ್ಲಿ ಕೂರಬೇಕಪ್ಪಾ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ.

ಹೀಗಿರುವಾಗ ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಕರೆ ಬಂತು. ಅಲ್ಲಿನ ಮೇಡಂ ಒಬ್ಬರು ಹೊಸ ಕುರ್ಚಿ ಮಾಡಿದ್ದರು. ಎದುರಿಗೆ ನಾಲ್ಕು ದೀಪ, ಒಂದೊಂದು ದಿಕ್ಕಿಗೆ ಒಂದೊಂದು. ಪ್ರತಿಯೊಂದೂ ಬೇರೆ ಬೇರೆ ವೇಗದಲ್ಲಿ ಮಿಣುಕುತ್ತದೆ. ನಾನು ಯಾವುದನ್ನು ದಿಟ್ಟಿಸುತ್ತೇನೋ ಅದರ ತಾಳಕ್ಕೆ ನನ್ನ ಮಿದುಳೂ ಮಿಡಿಯುತ್ತದಂತೆ. ತಲೆಗೆ ಹಾಕಿದ ಟೋಪಿ ಅದನ್ನು ಹಿಡಿದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ, ಕುರ್ಚಿ ಆ ಕಡೆ ಹೊರಡುತ್ತದೆ. ನನಗೆ ಬೇಕಾಗಿದ್ದೂ ಇಷ್ಟೇ: ಸಾಯುವುದರೊಳಗೆ ಒಮ್ಮೆಯಾದರೂ ನಾನಾಗಿ ಎತ್ತಲಾದರೂ ಹೋಗಬೇಕು.

ಹೊರಡುವ ದಿನ, ಶುಭಕಾರ್ಯವೆಂದು, ಅವ್ವ ಒಂದು ಬಾಣಲೆ ಮಿರ್ಚಿ ಕರಿಯಬಹುದಾದಷ್ಟು ಎಣ್ಣೆಯನ್ನು ನನ್ನ ತಲೆಗೆ ತಟ್ಟಿದಳು. ಕಾಲೇಜಿನಲ್ಲಿ ಟೋಪಿಗೆ ನನ್ನ ಮಿದುಳು ಸಿಗಲೇ ಇಲ್ಲ. ಮೇಡಂ ಟೋಪಿಯ ತಂತಿ ಅಲುಗಾಡಿಸಿದರು, ಅದರ ಕೆಳಗೆ ಬಳಿದಿದ್ದ ಮುಲಾಮನ್ನೇ ಮತ್ತಷ್ಟು ಹಚ್ಚಿದರು, ಕೊನೆಗೆ ನನ್ನ ಕೂದಲು ಮುಟ್ಟಿ ನೋಡಿ ಬೆರಳು ಒರೆಸಿಕೊಂಡರು.

"ಎಣ್ಣಿ ಯಾಕ ಹಚ್ಚೀರಿ ಯವ್ವಾ?"

"ಅಯ್ಯ, ಒಣಾ ತಲೀಲೆ ಹೊರಗ ಕರಕೊಂಡು ಬರ್ಲೇನ್ರೀ? ನೋಡಿದ ಮಂದಿ ಏನಂದಾರು?" ಎಂದಳು ಅವ್ವ.

ಕಾಲೇಜಿನ ನಲ್ಲಿಯ ಕೆಳಗೆ ನನ್ನ ತಲೆ ತೊಳೆಸುವ ಕಾರ್ಯಕ್ರಮ ನಡೆಯಿತು. ಆಮೇಲೆ ವಿಜ್ಞಾನ ಮುಂದುವರಿಯಿತು.

ಮೇಷ್ಟ್ರುಗಳೂ ನಮ್ಮ ಬಳಗವೂ ಸುತ್ತ ನಿಂತು ನೋಡುತ್ತಿದ್ದರು. ನಾನು 'ಮುಂದಕ್ಕೆ' ಎಂಬ ದೀಪವನ್ನೇ ದಿಟ್ಟಿಸಿದೆ. ಕಣ್ಣಲ್ಲಿ ನೀರು ಬಂತು, ಕುರ್ಚಿ ಮಿಸುಕಲಿಲ್ಲ. ಇನ್ನಷ್ಟು ದಿಟ್ಟಿಸಿದೆ. ಸರ್ರನೆ ಹೊರಟಿತು ನೋಡಿ! ಎಲ್ಲರೂ ಚಪ್ಪಾಳೆ ತಟ್ಟಿದರು. ಎದೆಯುಬ್ಬಿ ನಾನಿನ್ನೇನು ಕೂಗಬೇಕು, ಬೆನ್ನ ಹಿಂದೆ ಏದುಸಿರು ಕೇಳಿತು. ನನ್ನ ಸಾಹಸ ನೋಡಲೆಂದೇ ದೇವದುರ್ಗದಿಂದ ಬಂದಿದ್ದ ಸೋದರಮಾವ ಕುರ್ಚಿ ದೂಡುತ್ತಿದ್ದ.

"ಪಾಪ, ಎಷ್ಟೊತ್ತಂತ ಕಣ್ಣ ಕಿಸಕೊಂಡು ಕುಂದರ್ತಾನ್ರಿ?" ಎಂದು ಅವನು ಮೇಡಂಗೇ ಬುದ್ಧಿ ಹೇಳಿದ.

"ಕೈ ಬಿಡೋ ಮಾವಾ!" ಚೀರಿದೆ.

"ನಾ ಇರಾಗ ನಿನಗ್ಯಾಕ ತ್ರಾಸ, ಅಳಿಯಾ?"

ನನಗೆ ಅಳುವೇ ಬಂತು. ಪ್ರೀತಿಯಿಂದ ಕತ್ತು ಹಿಸುಕುವವರ ಮೇಲೆ ಪೊಲೀಸರೂ ಕೇಸು ಹಾಕುವುದಿಲ್ಲ.

ಮೇಡಂ ಕೈಮುಗಿದು ಬೇಡಿಕೊಂಡ ಮೇಲೆ ಮಾವ ಕೈ ಬಿಟ್ಟ. ಆದರೆ ಜಾಗ ಬಿಡಲಿಲ್ಲ. ಯಾವ ಗಳಿಗೆಯಲ್ಲಾದರೂ ಉಪಕಾರ ಮಾಡಲು ಸಿದ್ಧನಾಗಿ ಕುರ್ಚಿಯ ಬೆನ್ನಿಗೇ ನಿಂತುಕೊಂಡು, ಇಂಥದ್ದಕ್ಕೆಲ್ಲ ಇಷ್ಟು ತಂತಿ ಯಾಕೆ ಬೇಕಿತ್ತು ಎಂದು ಮೇಷ್ಟ್ರೊಬ್ಬರಿಗೆ ವಿವರಿಸತೊಡಗಿದ. ಮೇಡಂ ಮತ್ತೆ ಯಂತ್ರ ಚಾಲೂ ಮಾಡಿದರು. ಈ ಸಲ ನಾನು 'ಹಿಂದಕ್ಕೆ' ಎಂಬ ದೀಪವನ್ನು ನೋಡಿದೆ. ಹಿಂದೆ ಯಾರಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ರೆಪ್ಪೆ ಬಡಿಯದೆ ನೋಡಿದೆ. ಕುರ್ಚಿ ಒಮ್ಮೆ ನಡುಗಿ, ಮೆಲ್ಲಗೆ ಹಿಂದೆ ಸರಿದು, ಮಾವನ ಹೆಬ್ಬೆರಳನ್ನು ಹತ್ತಿ ನಿಂತಿತು.

"ಅಯ್ಯಯ್ಯಪ್ಪೋ, ಸತ್ತೆ! ಯಾವಾಂವಲೇ ದೂಡಿದಾಂವ?" ಮಾವ ಕಾಲು ಹಿಡಿದುಕೊಂಡು ಸುತ್ತ ನೋಡಿದ. ಕುರ್ಚಿಯ ಹತ್ತಿರ ಬೇರೆ ಯಾರೂ ಇರಲಿಲ್ಲ.

"ನಾ," ಎಂದೆ. "ನಾನ ದೂಡೀನಿ, ಮಾವಾ."