ಅಪ್ಪನ ಗಂಟು

ಅಪ್ಪನ ಎಡತೋಳಿನಲ್ಲಿ ನಿಂಬೆಕಾಯಿಯಷ್ಟು ದೊಡ್ಡ ಕೊಬ್ಬಿನ ಗಂಟೊಂದಿತ್ತು. ಸಿರುಗುಪ್ಪದ ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಬಟ್ಟೆಗಂಟು ಹೇರಿಕೊಂಡು ಹೋಗಿ ಮಾರುತ್ತಿದ್ದ ಅವನು, ಆ ದೊಡ್ಡ ಗಂಟು ಹಾಕಿದ ಮರಿ ಇದು ಎಂದು ನಮ್ಮನ್ನು ನಗಿಸುತ್ತಿದ್ದ. ಮಧ್ಯಾಹ್ನ ಉಂಡು ಒರಗಿದಾಗ ನಾನು ಅವನ ತೋಳಿಗೆ ತಲೆಯಿಟ್ಟು, ಅದನ್ನು ಬೆರಳಿನಿಂದ ಅತ್ತಿತ್ತ ಜಾರಿಸುತ್ತಾ ನಿದ್ದೆ ಹೋಗುತ್ತಿದ್ದೆ.

ಅಪ್ಪ ತೀರಿಕೊಂಡ ಕೆಲವು ವರ್ಷಕ್ಕೆ ನನ್ನ ಎಡತೋಳಿನಲ್ಲೂ, ಅದೇ ಜಾಗದಲ್ಲಿ, ಅಂಥದ್ದೇ ಒಂದು ಮೂಡಿತು. ಹುಚ್ಚಿ ಎನ್ನಿ, ನನಗೆ ಗಾಬರಿಯಾಗಲಿಲ್ಲ, ಖುಷಿಯಾಯಿತು. ಬಳ್ಳಾರಿಯ ಸಂಸಾರದ ಗದ್ದಲದಲ್ಲಿ ಅಪ್ಪ ಬೇಕು ಅನ್ನಿಸಿದಾಗಲೆಲ್ಲ ಸೆರಗಿನ ಮರೆಯಲ್ಲಿ ಅದನ್ನು ಮುಟ್ಟಿಕೊಳ್ಳುತ್ತಿದ್ದೆ.

ಹೋದ ವರ್ಷ ಬ್ರೂಸ್‌ಪೇಟೆಯ ದರ್ಜಿ ರವಿಕೆಗೆ ಅಳತೆ ತೆಗೆದು, ಎಡತೋಳಿಗೆ ಬಟ್ಟೆ ಜಾಸ್ತಿ ಬೇಕಾಗುತ್ತದೆ ಅಂದ. ಟೇಪು ಸರಿಯಿಲ್ಲವೆಂದು ಅವನೊಡನೆ ಜಗಳ ತೆಗೆದೆ. ಟೇಪು ಸರಿಯಾಗಿಯೇ ಇತ್ತು. ವರ್ಷಗಟ್ಟಲೆ ಸುಮ್ಮನಿದ್ದ ಗಂಟು ದಪ್ಪಗಾಗಿ, ಬೆರಳಿಗೆ ಜಾರದೆ ಕಚ್ಚಿಕೊಂಡು ಕೂತಿತ್ತು. ಆ ಮಗ್ಗುಲಿಗೆ ಹೊರಳಿದರೆ ನೋಯುತ್ತಿತ್ತು. ಡಾಕ್ಟರು ಸ್ಕ್ಯಾನ್ ನೋಡಿ, ಕೊಬ್ಬೇ ಇರಬಹುದು, ಆದರೆ ಬೆಳೆದು ಗಟ್ಟಿಯಾಗಿರುವುದರಿಂದ ತೆಗೆದು ಪರೀಕ್ಷೆಗೆ ಕಳಿಸಲೇಬೇಕು ಎಂದರು.

ನಾನು ಇವತ್ತು ನಾಳೆ ಎಂದು ದೂಡಿದೆ. ಕ್ಯಾನ್ಸರಿನ ಭಯ ಇರಲಿಲ್ಲವೆಂದಲ್ಲ. ಆದರೆ ಅದನ್ನು ಕೊಯ್ದು ತೆಗೆದರೆ ಅಪ್ಪನ ಮೈಯದು ಎನ್ನುವಂಥದ್ದು ನನ್ನಲ್ಲಿ ಏನೂ ಉಳಿಯುವುದಿಲ್ಲ ಎಂದು ಸಂಕಟವಾಗುತ್ತಿತ್ತು.

ಸುದ್ದಿ ತಿಳಿದ ಅಣ್ಣ ಕುರುಗೋಡಿನಿಂದ ಫೋನಿನಲ್ಲೇ ರೇಗಿದ.

“ತಗಸಾಕ ನಿನಗೇನು ಧಾಡಿ? ನಿಮ್ಮಪ್ಪನ ಗಂಟೇನು ಹೋಗತೈತಿ?”

ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಅನ್ನುವ ಮಾತೇ. ನನಗೆ ಮೊದಲು ನಗು ಬಂತು, ಆಮೇಲೆ ಕೈ ಸೆರಗಿನ ಮರೆಯ ಗಂಟಿಗೆ ಹೋಯಿತು.

“ಹೌದಣ್ಣ, ಅದೇ ಹೋಗತೈತಿ” ಅಂದೆ.

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದ. ಚಹಾ ಆಮೇಲೆ, ಮೊದಲು ತೋಳು ತೋರಿಸು ಅಂದ. ಚಿಕ್ಕಂದಿನಿಂದ ನನ್ನ ಜಡೆ ಎಳೆಯುವುದು ಬಿಟ್ಟರೆ ಮುಟ್ಟಿ ಮಾತಾಡಿಸಿದವನಲ್ಲ ಅವನು. ಗಂಟಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಒತ್ತಿ ನೋಡಿದ. ಅಪ್ಪ ಹಾಸಿಗೆ ಹಿಡಿದಾಗ ದಿನಾ ಸ್ನಾನ ಮಾಡಿಸಿದವನು ಅವನೇ.

“ಅಪ್ಪಂದು ಕೊನೀತನಕ ಮೆತ್ತಗಿತ್ತು. ಇದು ಅಪ್ಪಂದಲ್ಲ, ತಂಗಿ. ತಗಸಿಬಿಡು” ಅಂದ.

ಅಪ್ಪ ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಗಂಟು ತೆಗೆಸಿದೆ. ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ, ಬರೀ ಕೊಬ್ಬಂತೆ. ಅಣ್ಣ ಅಂದದ್ದು ನಿಜವೋ, ನನ್ನನ್ನು ಒಪ್ಪಿಸಲು ಹೂಡಿದ ಆಟವೋ, ನಾನು ಕೇಳಿಲ್ಲ. ಅಪ್ಪನ ನೆನಪು ಕಾಡಿದರೆ ಈಗ ಕುರುಗೋಡಿಗೆ ಫೋನು ಹಚ್ಚಿ, ಕೆಲಸಕ್ಕೆ ಬಾರದ ಮಾತು ತೆಗೆದು, ಅಣ್ಣ ರೇಗುವ ತನಕ ಮಾತಾಡುತ್ತೇನೆ. ರೇಗಿದಾಗ ಅವನ ದನಿ ಥೇಟ್ ಅಪ್ಪನದೇ.