ಪುರಾವೆಯ ಚೀಲ

ಇವತ್ತು ನನ್ನ ಮೊಮ್ಮಗಳು ಎರಡು ಕಿಲೋ ತೂಕ ದಾಟಿ ಆಸ್ಪತ್ರೆಯಿಂದ ಮನೆಗೆ ಬಂದಳು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಗುರುತಿದ್ದವರಿಗೂ ಇಲ್ಲದವರಿಗೂ ಇದನ್ನೇ ಹೇಳಿದೆ. ನಾಲ್ಕನೇ ಇಯತ್ತೆ ಓದಿದವನು ನಾನು, ಬರೆಯುವ ರೂಢಿಯಿಲ್ಲ. ಆದರೂ ಈ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೆ. ಚೊಚ್ಚಲ ಬಾಣಂತನ ತವರಿನದು. ಆದರೆ ಅವಳ ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು; ತವರು ಅಂದರೆ ನಾನೊಬ್ಬನೇ. ದಿನ ತುಂಬುವ ಮೊದಲೇ ನೋವು ಬಂತು. ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಅಂಗೈಯಷ್ಟು ಹೆಣ್ಣು ಕೂಸು, ಮೈಯಲ್ಲಿ ಕಾವು ನಿಲ್ಲುತ್ತಿರಲಿಲ್ಲ. ಮಗಳಿಗೆ ಬಿ.ಪಿ. ಏರಿ ಬೇರೆ ವಾರ್ಡಿಗೆ ಹಾಕಿದ್ದರು. ಅಳಿಯ ಮುಕ್ಕುಂದದ ಕಡೆ ಭತ್ತ ಕೊಯ್ಯುವ ಮಷಿನ್ ಓಡಿಸುವವನು, ಸಂಜೆಗೊಮ್ಮೆ ಬಂದು ಹೋಗುತ್ತಿದ್ದ. ಬೀಗತಿಗೆ ಕೆಮ್ಮು, ಕೂಸಿನ ಹತ್ತಿರ ಬರಬೇಡಿ ಎಂದು ಕಳಿಸಿದ್ದರು.

ಬಾಣಂತಿಯರ ವರಾಂಡ ಗಂಡಸು ಕೂಡುವ ಜಾಗವಲ್ಲ. ನನ್ನನ್ನು ಕಂಡರೆ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗುತ್ತಿದ್ದರು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಟಿಫಿನ್ ಡಬ್ಬಿ ಹಿಡಿದು ಕೂತಿರುತ್ತಿದ್ದೆ. ಹೆಂಡತಿ ಇದ್ದಿದ್ದರೆ ಒಳಗಿರುತ್ತಿದ್ದಳು. ಆಕೆ ಹೋದಮೇಲೆ ನನ್ನ ಮೈಗೆ ಕೈ ಹಚ್ಚಿದವನೆಂದರೆ ಕಟಿಂಗ್ ಅಂಗಡಿಯವನೊಬ್ಬನೇ.

ಮೂರನೇ ದಿನ ಒಬ್ಬ ಸಣ್ಣ ವಯಸ್ಸಿನ ನರ್ಸ್ ಬಂದಳು. ಮನೆಯವರು ಯಾರಾದರೂ ಕೂಸನ್ನು ಬರೀ ಎದೆಗೆ ಹಚ್ಚಿಕೊಂಡು ಕೂತರೆ ಅದರ ಮೈ ಬೆಚ್ಚಗಾಗುತ್ತದೆ, ನೀವೇ ಕೂಡುತ್ತೀರಾ ಎಂದು ಕೇಳಿದಳು. ಹಿಂದೆಯೇ ಬಂದ ಹಿರಿಯ ನರ್ಸ್, ಮುದುಕರ ಎದೆಗೆ ಕೂಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದಳು.

"ಪದ್ಧತಿ ಇಲ್ರೀ ಅಕ್ಕಾರ, ಪುರಾವೆ ಐತಿ," ಎಂದಳು ಸಣ್ಣಾಕೆ.

ಡಾಕ್ಟರನ್ನು ಕೇಳಿ ನಾಳೆ ಮುಂಜಾನೆ ಹೇಳುತ್ತೇವೆ ಎಂದು ಇಬ್ಬರೂ ಒಳಗೆ ಹೋದರು. ಪುರಾವೆ ಎನ್ನುವ ಶಬ್ದ ನಾನು ಕೇಳಿದ್ದು ತಹಸೀಲ್ ಕಚೇರಿಯಲ್ಲಿ. ಕಾಗದಪತ್ರ ತರಲು ಆಗಲೇ ಮಸ್ಕಿಯ ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ನರ್ಸುಗಳ ಮೇಜಿನ ಮೇಲೆ ಕೈಚೀಲ ಬರಿದುಮಾಡಿದೆ: ಆಧಾರ್, ರೇಷನ್ ಕಾರ್ಡ್, ಹೊಲದ ಪಹಣಿ, ಮಗಳ ಲಗ್ನಪತ್ರಿಕೆ, ಕೊನೆಗೆ ಹೆಂಡತಿಯ ಮರಣಪತ್ರ. ಅಜ್ಜಿ ಇಲ್ಲ, ಅದಕ್ಕೇ ಅಜ್ಜ ಬಂದಿದ್ದಾನೆ ಅನ್ನುವುದಕ್ಕೂ ಪುರಾವೆ ಬೇಕಲ್ಲ.

ಹಿರಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಣ್ಣಾಕೆ ನಗಲಿಲ್ಲ. ಆ ಕೊನೆಯ ಕಾಗದ ಓದಿ, ಮಡಚಿ, ನನ್ನ ಕೈಗೆ ಕೊಟ್ಟಳು.

"ಕಾಗದ ಅಲ್ರೀ ತಾತ. ಹಿಂಗ ಎದಿಗೆ ಹಿಡಿದ ಕೂಸುಗಳು ಬದುಕ್ಯಾವ, ತೂಕ ಏರ್ಯಾವ ಅಂತ ಊರೂರಾಗ ನೋಡಿ ಬರದಿಟ್ಟಾರ. ಅದಕ್ಕ ಪುರಾವೆ ಅಂತೀವಿ. ಡಾಕ್ಟರೂ ಹೂಂ ಅಂದಾರ. ತಂಬಾಕ ತಿಂತೀರೇನು?"

ಕಿಸೆಯ ತಂಬಾಕಿನ ಚೀಟಿಯನ್ನು ಕಸದ ಡಬ್ಬಿಗೆ ಹಾಕಿದೆ. ಉಗುರು ತೆಗೆಸಿಕೊಂಡೆ, ಜಳಕ ಮಾಡಿದೆ, ಅಂಗಿ ಬಿಚ್ಚಿ ನಾಚಿಕೊಂಡು ಕೂತೆ. ಪರದೆ ಎಳೆದು, ಕೂಸಿಗೆ ಟೋಪಿ ಹಾಕಿ, ನನ್ನ ನೆರೆತ ಎದೆಯ ಮೇಲೆ ಕಪ್ಪೆಮರಿಯ ಹಾಗೆ ಮಲಗಿಸಿ ಬಟ್ಟೆ ಕಟ್ಟಿದರು. ಪಾದಗಳು ತಣ್ಣಗಿದ್ದವು. ಉಸಿರು ಜೋರು ಮಾಡಲೂ ಹೆದರಿಕೆ. ಮೂರು ವರ್ಷ ಯಾರೂ ಒರಗದ ಎದೆ ಅದು. ಮಧ್ಯಾಹ್ನದ ಹೊತ್ತಿಗೆ ಆ ಪಾದಗಳು ಬೆಚ್ಚಗಾದವು. ನನಗೆ ಅಳು ಬಂತು. ಕೂಸು ಅಲುಗಾಡೀತೆಂದು ಕಣ್ಣು ಒರೆಸಿಕೊಳ್ಳಲಿಲ್ಲ.

ದಿನವೂ ಹೀಗೇ ಕೂತೆ. ಮಗಳ ಹಾಲನ್ನು ಹಿಂಡಿ ತಂದು ಕುಡಿಸುತ್ತಿದ್ದರು. ಹಿರಿಯಾಕೆ ನಂಬಿರಲಿಲ್ಲ, ತಾನೇ ಬಂದು ಜ್ವರದ ಕಡ್ಡಿ ಇಟ್ಟು ನೋಡುವಳು, ತೂಕ ಹಾಕಿ ಬರೆದುಕೊಳ್ಳುವಳು.

"ಏನ್ ತಾತ, ಬಾಣಂತನ ಹೆಂಗ ನಡದೈತಿ? ಅಳವಿ ಪಾಯಸ ಮಾಡಿ ಕಳಸ್ಲೇನು?" ಎಂದು ಕಾಡುವಳು. ಆದರೆ ಒಂದು ವಾರಕ್ಕೆ ಆಕೆಯೇ ವರಾಂಡಕ್ಕೆ ಹೋಗಿ, ವಲಸೆ ಬಂದವರ ಕ್ಯಾಂಪಿನ ಕಡೆಯ, ಇಂಥದೇ ಕೂಸಿನ ಒಬ್ಬ ತಂದೆಯನ್ನು ಕರೆತಂದು ಅಂಗಿ ಬಿಚ್ಚಿಸಿ ನನ್ನ ಪಕ್ಕದಲ್ಲಿ ಕೂಡಿಸಿದಳು.

ಇವತ್ತು ಸಂಜೆ ಅಳಿಯ, ಕೆಮ್ಮು ವಾಸಿಯಾದ ಬೀಗತಿ, ಮಗಳು, ಎಲ್ಲರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತೆವು. ಒಲೆಯ ಮುಂದೆ ಒಬ್ಬನೇ ನಿಂತು ಉಣ್ಣುತ್ತಿದ್ದವನು ಚಾಪೆ ಹಾಸಿದೆ. ಬೀಗತಿ ರೊಟ್ಟಿ ಬಡಿದಿದ್ದಳು, ಪುಂಡಿಪಲ್ಯ ಮಾಡಿದ್ದಳು. ಕೂಸನ್ನು ಇಳಿಸಿ ಉಣ್ಣಿರಿ ಎಂದರೂ ನಾನು ಇಳಿಸಲಿಲ್ಲ. ಎದೆಯ ಮೇಲೆ ಅದು ನಿದ್ದೆ ಮಾಡುತ್ತಿತ್ತು, ನಾನು ಒಂದೇ ಕೈಯಲ್ಲಿ ರೊಟ್ಟಿ ಮುರಿಯಲಾರದೆ ಕೂತಿದ್ದೆ. ಮಗಳು ಮುರಿದು ನನ್ನ ಗಂಗಾಳಕ್ಕೆ ಹಾಕಿದಳು.